ಹಾಡಿಲ್ಲದ ಬಸ್ಸಿನ ಲಿಬಾರ್ದೊ

ಪಲೋಮೆರಾ ಬೆಟ್ಟದಿಂದ ಕೆಳಗಿನ ಪೇಟೆಗೆ ಇಳಿಯಲು ನಲವತ್ತಮೂರು ತಿರುವುಗಳು. ಆ ಮಣ್ಣುದಾರಿಯಲ್ಲಿ ಲಿಬಾರ್ದೊ ಓಸ್ಪಿನಾ ಮೂವತ್ತೊಂದು ವರ್ಷ ಒಂದೇ ಬಸ್ಸು ಓಡಿಸಿದ. ಆ ಬಸ್ಸಿನಲ್ಲಿ ಒಂದು ದಿನವೂ ಹಾಡು ಕೇಳಿದವರಿಲ್ಲ. ರೇಡಿಯೊ ಇರಬೇಕಾದ ಜಾಗಕ್ಕೆ ಅವನು ಹಲಗೆ ಬಡಿದು, ಅದರ ಮೇಲೆ ಡ್ರೈವರುಗಳನ್ನು ಕಾಯುವ ಕಾರ್ಮೆನ್ ಮಾತೆಯ ಪಟ ಅಂಟಿಸಿದ್ದ. ಹೊಸಬರು ಯಾರಾದರೂ "ಹಾಡು ಹಾಕಲ್ವಾ?" ಅಂದರೆ "ಮಾತೆಗೆ ಹಾಡು ಬರಲ್ಲ" ಅನ್ನುತ್ತಿದ್ದ. ಅವನಿಗೆ ಗೊತ್ತಿದ್ದದ್ದು ಅದೊಂದೇ ತಮಾಷೆ. ಮೂವತ್ತೊಂದು ವರ್ಷ ಅದರಲ್ಲೇ ದೂಡಿದ.

ನಮ್ಮ ಬೆಟ್ಟದ ಬಸ್ಸಿಗೆ ಚೀವಾ ಅನ್ನುತ್ತೇವೆ, ಅಂದರೆ ಆಡು. ಎಂಥ ಏರು ಕೊಟ್ಟರೂ ಹತ್ತುತ್ತದೆ, ಮನಸ್ಸಿಲ್ಲದಿದ್ದರೆ ನಿಂತಲ್ಲೇ ನಿಲ್ಲುತ್ತದೆ. ಬದಿಗೆ ಬಾಗಿಲಿಲ್ಲ. ಒಳಗೆ ಅಡ್ಡಡ್ಡಲಾಗಿ ಮರದ ಬೆಂಚುಗಳು. ಮೇಲೆ ಬಾಳೆಗೊನೆ, ಕಾಫಿ ಮೂಟೆ, ಕಾಲು ಕಟ್ಟಿದ ಕೋಳಿಗಳು, ಅವುಗಳ ನಡುವೆ ಜಾಗ ಸಿಗದ ಗಂಡಸರು. ಮುಂದಿನ ಬೆಂಚಿನಲ್ಲಿ ಡ್ರೈವರನ ಬಲಕ್ಕೆ ಕೂರುವುದೆಂದರೆ ಮರ್ಯಾದೆ. ಲಿಬಾರ್ದೊನ ಬಸ್ಸಿನಲ್ಲಿ ಆ ಜಾಗ ಅವನ ಹೆಂಡತಿ ರೊಸ್ಮೀರಾಳದು. ಪ್ರತಿ ಶನಿವಾರ, ಎಲೆಯಲ್ಲಿ ಸುತ್ತಿದ ಹಸಿ ಚೀಸಿನ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಅವಳು ಸಂತೆಗೆ ಹೋಗುತ್ತಿದ್ದಳು. ಆ ಜಾಗದಲ್ಲಿ ಪಾದ್ರಿ ಬಂದರೂ ಕೂರುತ್ತಿರಲಿಲ್ಲ.

ಲಿಬಾರ್ದೊ ಹೆಸರು ಮಾಡಿದ್ದು ಬಸ್ಸು ಓಡಿಸಿ ಅಲ್ಲ, ನೆನಪಿಟ್ಟುಕೊಂಡು. ಬೆಟ್ಟದ ಮೇಲೆ ಫೋನು ಹಿಡಿಯುವುದಿಲ್ಲ, ಪೇಟೆಗೆ ಇಳಿಯಲು ಎಲ್ಲರಿಗೂ ಬಿಡುವಿರುವುದಿಲ್ಲ. ಹಾಗಾಗಿ ಶನಿವಾರ ಬೆಳಗ್ಗೆ ಒಂದೊಂದು ಗೇಟಿನ ಮುಂದೂ ಒಬ್ಬೊಬ್ಬರು ಕಾದು ನಿಂತಿರುತ್ತಾರೆ. ಡ್ರೈವರನಿಗೆ ಕೆಲಸ ಹೇಳಿ ಕಳಿಸುವುದು ನಮ್ಮಲ್ಲಿ ಅಜ್ಜಂದಿರ ಕಾಲದಿಂದ ಬಂದ ಪದ್ಧತಿ. ಹಿರಿಯ ಗಂಡಸರನ್ನು ದೋನ್, ಹೆಂಗಸರನ್ನು ದೋನ್ಯಾ ಅಂತ ಮರ್ಯಾದೆಗೆ ಕರೆಯುವುದೂ ಹಾಗೆಯೇ.

"ದೋನ್ ಲಿಬಾರ್ದೊ, ಎರಡಿಂಚು ಮೊಳೆ, ಒಂದು ಕಿಲೋ."

"ದೋನ್ ಲಿಬಾರ್ದೊ, ನನ್ ತಂಗಿಗೆ ಹೇಳ್ಬಿಡಿ, ಹಂದಿ ಮರಿ ಹಾಕಿದೆ, ಒಂಬತ್ತು. ಒಂದು ಅವಳಿಗೇ ಅಂತ."

ಲಿಬಾರ್ದೊ ತಲೆಯಾಡಿಸುತ್ತಿದ್ದ, ಅಷ್ಟೆ. ಚೀಟಿ ಬರೆದವನಲ್ಲ, ಎರಡನೇ ಸಲ ಕೇಳಿದವನಲ್ಲ. ಅವನಿಗೊಂದು ಉಪಾಯ ಇತ್ತು. ಹೇಳಿದ ಒಂದೊಂದು ಕೆಲಸವನ್ನೂ ದಾರಿಯ ಒಂದೊಂದು ತಿರುವಿನಲ್ಲಿ ಇಟ್ಟುಬಿಡುತ್ತಿದ್ದ. ಮೊಳೆಯನ್ನು ಏಳನೇ ತಿರುವಿನ ಅತ್ತಿಮರದ ಬುಡದಲ್ಲಿ, ಹಂದಿಮರಿಗಳನ್ನು ಒಂಬತ್ತನೆಯದರ ಮುರಿದ ಸೇತುವೆಯ ಮೇಲೆ. ಪೇಟೆಗೆ ಬಂದು, ಚೌಕದ ಕಾಫಿ ಅಂಗಡಿಯಲ್ಲಿ ಕಪ್ಪು ಕಾಫಿ ಹಿಡಿದು ಕಣ್ಣು ಮುಚ್ಚಿದರೆ, ದಾರಿ ಮತ್ತೆ ಮೊದಲಿಂದ ಇಳಿಯುತ್ತಿತ್ತು. ಒಂದೊಂದು ತಿರುವು ಬಂದಂತೆ ಅಲ್ಲಿಟ್ಟದ್ದು ಅಲ್ಲೇ ಸಿಗುತ್ತಿತ್ತು. ಇದಕ್ಕೆ ಬೇಕಾದದ್ದು ಒಂದೇ, ತಿರುವು ಖಾಲಿ ಇರಬೇಕು. ಹಾಡು ಬೇಡ, ಹರಟೆ ಬೇಡ.

ರೊಸ್ಮೀರಾಗೆ ಮದುವೆಯಾದ ಹೊಸತರಲ್ಲಿ ಮಾತೆಂದರೆ ಮಾತು. ಮೊದಲ ಶನಿವಾರವೇ ಐದನೇ ತಿರುವಿನಲ್ಲಿ ಅವಳು ಏನೋ ಹೇಳಹೊರಟಾಗ ಅವನು, "ಸುಮ್ನಿರೇ, ತಪ್ಪಿಹೋಗುತ್ತೆ" ಅಂದ. ಹನ್ನೊಂದನೆಯದರಲ್ಲಿ ಮತ್ತೆ ಅಂದ. ಎರಡು ತಿಂಗಳಲ್ಲಿ ಅವಳ ಬಾಯಿಗೆ ಬೀಗ ಬಿತ್ತು. ಆಮೇಲೆ ಮೂವತ್ತು ವರ್ಷ ಅವಳು ಅವನ ಪಕ್ಕದಲ್ಲಿ ಕೂತು ಹೊರಗೆ ಕಣಿವೆ ನೋಡಿದಳು. ಅವನು ಅದನ್ನು ಒಳ್ಳೆಯ ಸಂಸಾರ ಅಂದುಕೊಂಡಿದ್ದ.

ಹೀಗಿರುವಾಗ ದುವಾನ್ ಬಂದ.

ಮೂವತ್ತೊಂದು ವಯಸ್ಸಿನವನು. ಮಾವನ ಹಳೇ ಬಸ್ಸಿಗೆ ಹೊಸ ಬಣ್ಣ ಬಳಿಸಿ, ಹಿಂದೆ ಆಳೆತ್ತರದ ಹುಂಜ ಬರೆಸಿ, ಎಂಟು ಸ್ಪೀಕರು ಬಡಿಸಿ ರಸ್ತೆಗಿಳಿಸಿದ. ಲಿಬಾರ್ದೊ ಐದೂವರೆಗೆ ಹೊರಟರೆ ದುವಾನ್ ಆರಕ್ಕೆ. ಮೊದಮೊದಲು ಹುಡುಗಿಯರು ಮಾತ್ರ ಅರ್ಧ ಗಂಟೆ ಕಾದು ಅವನ ಬಸ್ಸು ಹತ್ತಿದರು. ಆಮೇಲೆ ಹುಡುಗರು, ಆಮೇಲೆ ಹುಡುಗರ ತಾಯಂದಿರು. ಕಡೆಗೆ ಎಪ್ಪತ್ತೆಂಟರ ದೋನ್ಯಾ ಉಬಾಲ್ದಿನಾ ಕೂಡ ಕೋಲೂರಿಕೊಂಡು, "ನಾನು ಹುಂಜದಲ್ಲಿ ಬರ್ತೀನಪ್ಪಾ, ನಿನ್ನ ಬಸ್ಸಲ್ಲಿ ಕೂತ್ರೆ ನನ್ನ ಮಂಡಿ ನೋವೇ ಕೇಳಿಸುತ್ತೆ" ಅಂದುಬಿಟ್ಟಳು. ಲಿಬಾರ್ದೊ ನಕ್ಕ ಹಾಗೆ ಮಾಡಿದ. ಒಳಗೆ ಧಗಧಗ ಉರಿಯಿತು.

ದುವಾನ್ ಕೆಟ್ಟವನಾಗಿದ್ದರೆ ಲಿಬಾರ್ದೊಗೆ ಎಷ್ಟೋ ನಿರಾಳವಾಗುತ್ತಿತ್ತು. ಅವನು ಕೆಟ್ಟವನಲ್ಲ. ಚೌಕದಲ್ಲಿ ಸಿಕ್ಕರೆ ಹೆಗಲು ತಟ್ಟುತ್ತಿದ್ದ.

"ದೋನ್ ಲಿಬಾರ್ದೊ, ನಿಮ್ಮ ಬಸ್ಸಲ್ಲಿ ಹೆಣ ಸಾಗಿಸ್ಬೇಡಿ. ಬೇಜಾರಾಗಿ ಎದ್ದು ಇಳಿದುಬಿಡುತ್ತೆ."

ಸುತ್ತಲಿನವರು ಬಿದ್ದು ಬಿದ್ದು ನಗುತ್ತಿದ್ದರು. ಲಿಬಾರ್ದೊ ಕಾಫಿ ಲೋಟದೊಳಗೆ ನೋಡುತ್ತಿದ್ದ.

ಅವನ ಹೊಟ್ಟೆ ಹೆಚ್ಚು ಉರಿಸಿದ್ದು ಇನ್ನೊಂದು. ದುವಾನ್ ಎಲ್ಲ ಮರೆಯುತ್ತಿದ್ದ. ಮೊಳೆ ಕೇಳಿದವರಿಗೆ ಮೇಣದಬತ್ತಿ, ಕೋಳಿಮೇವು ಕೇಳಿದವರಿಗೆ ಏನೂ ಇಲ್ಲ. ಗೇಟಿನ ಮುಂದೆ ಬಸ್ಸು ನಿಲ್ಲಿಸಿ, ಎದೆ ಮೇಲೆ ಕೈಯಿಟ್ಟು, "ಅಮ್ಮಾ, ಮರ್ತೇಬಿಟ್ಟೆ ಕಣಮ್ಮಾ, ಹೊಡೀರಿ ನನ್ನ" ಅಂತ ಕೆನ್ನೆ ಒಡ್ಡುತ್ತಿದ್ದ. ಜನ ನಗುತ್ತಿದ್ದರು. "ದುವಾನ್ ಅಲ್ವಾ, ಅವನು ಹಾಗೇ" ಅನ್ನುತ್ತಿದ್ದರು. ಲಿಬಾರ್ದೊ ಮೂವತ್ತೊಂದು ವರ್ಷ ಒಂದು ಸೂಜಿಯನ್ನೂ ಮರೆತಿರಲಿಲ್ಲ. ಅವನ ಕೆನ್ನೆಯನ್ನು ಯಾರೂ ಹಾಗೆ ಪ್ರೀತಿಯಿಂದ ಹಿಂಡಿರಲಿಲ್ಲ. ತಪ್ಪದೆ ತಂದವನಿಗೆ ತಲೆಯಾಡಿಸಿ ಒಳಹೋಗುವವರು, ಮರೆತವನನ್ನು ನಿಲ್ಲಿಸಿ ಬೆಲ್ಲದ ಬಿಸಿನೀರು ಕೊಡುತ್ತಾರಲ್ಲ ಅಂತ ಅವನು ಒಬ್ಬನೇ ಸ್ಟೇರಿಂಗಿಗೆ ಹೇಳಿಕೊಂಡ.

ದುವಾನ್ ಬಂದು ಮೂರು ವರ್ಷವಾಗುತ್ತಿದ್ದಾಗ, ಒಂದು ಶನಿವಾರ ರೊಸ್ಮೀರಾ ಅಡುಗೆಮನೆಯಿಂದಲೇ ಅಂದಳು, "ಚೀಸು ಇನ್ನೂ ನೀರು ಬಿಡ್ತಿದೆ. ನೀನು ಹೋಗು, ನಾನು ಮುಂದಿನ ಬಸ್ಸಲ್ಲಿ ಬರ್ತೀನಿ."

ಮುಂದಿನ ಬಸ್ಸು ಅಂದರೆ ಹುಂಜ. ಮರುವಾರವೂ ಚೀಸು ನೀರು ಬಿಟ್ಟಿತು. ಅದರ ಮರುವಾರವೂ ಬಿಟ್ಟಿತು. ಮೂವತ್ತು ವರ್ಷ ಹೊತ್ತಿಗೆ ಸರಿಯಾಗಿ ಗಟ್ಟಿಯಾಗುತ್ತಿದ್ದ ಚೀಸಿಗೆ ಈಗ ಏನು ಬಂತು ಅಂತ ಅವನು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದೆ ಎಂಬ ಭಯ.

ನಾಲ್ಕನೇ ಶನಿವಾರ ಅವನು ಕಾಫಿ ಅಂಗಡಿಯ ಕಂಬದ ಮರೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ. ಹುಂಜ ಬರುವ ಮೊದಲೇ ಅದರ ಹಾಡಿನ ಅಕಾರ್ಡಿಯನ್ ಸದ್ದು ಬಂತು. ಮುಂದಿನ ಬೆಂಚಿನಲ್ಲಿ, ದುವಾನನ ಬಲಕ್ಕೆ, ರೊಸ್ಮೀರಾ. ಕಿವಿಯಲ್ಲಿ ಮಗಳ ಮದುವೆಗೆ ಹಾಕಿಕೊಂಡಿದ್ದ ಓಲೆ. ಹಾಡಿಗೆ ಮುಂದಿನ ಹಲಗೆಯ ಮೇಲೆ ಎರಡೂ ಕೈಯಲ್ಲಿ ತಾಳ ಹಾಕುತ್ತಿದ್ದಳು. ಬಾಯಿ ತುಂಬ ನಗು. ಆ ಹಲ್ಲಿನ ಸಾಲನ್ನು ಲಿಬಾರ್ದೊ ನೋಡಿ ಯಾವ ಕಾಲವಾಗಿತ್ತೋ.

ಬಸ್ಸು ನಿಂತ ಮೇಲೆ ಅವಳು ತಕ್ಷಣ ಇಳಿಯಲಿಲ್ಲ. ದುವಾನನ ಕಡೆ ಬಾಗಿ, ಅವನ ಕಿವಿಗೆ ಬಾಯಿ ಹತ್ತಿರ ತಂದು ಏನೋ ಹೇಳುತ್ತಲೇ ಇದ್ದಳು. ಅವನು ತಲೆಯಾಡಿಸುತ್ತಾ, ಬೆರಳು ಮಡಿಸುತ್ತಾ, "ಹೂಂ ಹೂಂ" ಅನ್ನುತ್ತಿದ್ದ. ಎರಡು ನಿಮಿಷ ಆಗಿರಬೇಕು. ಲಿಬಾರ್ದೊಗೆ ಅದು ಎರಡು ವರ್ಷ. ಹೆಂಡತಿಯ ಹೊಟ್ಟೆಯಲ್ಲಿ ಇಷ್ಟು ಮಾತಿತ್ತೇ? ಇದ್ದರೆ ಇವನಿಗೇಕೆ? ಕಾಫಿ ತಣ್ಣಗಾಯಿತು. ಆ ದಿನ ಅವನಿಗೆ ಹೇಳಿದ್ದು ಮೂರೇ ಕೆಲಸ. ಅವನ್ನೂ ಅತ್ತಿಮರದ ಬುಡದಿಂದ ಎಳೆದು ತೆಗೆಯಬೇಕಾಯಿತು.

ರಾತ್ರಿ ಮನೆಯಲ್ಲಿ ಅವರೆ ಸಾರು, ಅನ್ನ ಮುಂದಿಟ್ಟಾಗ ಅವನು ಕೈ ಹಾಕದೆ ಕೂತ.

"ಅವನ ಪಕ್ಕ ಕೂತು ಅಷ್ಟೊಂದು ನಗೋಕೆ ಏನಿತ್ತು?"

"ಹಾಡಿತ್ತು."

"ಕಿವಿಲಿ ಏನು ಹೇಳ್ತಿದ್ದೆ?"

"ಹೇಳೋದಿತ್ತು, ಹೇಳ್ದೆ."

"ನನ್ನ ಬಸ್ಸಿಗೇನಾಗಿದೆ?"

ರೊಸ್ಮೀರಾ ತಟ್ಟೆಗೆ ಇನ್ನೊಂದು ಸೌಟು ಅವರೆ ಹಾಕಿದಳು. "ನಿನ್ನ ಬಸ್ಸಿಗೆ ಏನೂ ಆಗಿಲ್ಲ. ಮೂವತ್ತು ವರ್ಷದಿಂದ ಏನೂ ಆಗಿಲ್ಲ. ಊಟ ಮಾಡು."

ಅಷ್ಟೇ ಆಗಿದ್ದರೆ ಅವನು ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುತ್ತಿದ್ದನೇನೊ. ಆದರೆ ಊರಲ್ಲಿ ಹೊಸ ಮಾತೊಂದು ಎದ್ದಿತು. ದುವಾನ್ ಈಗ ಏನೂ ಮರೆಯುತ್ತಿಲ್ಲವಂತೆ. ಮೊಳೆ ಅಂದರೆ ಮೊಳೆ, ದಾರ ಅಂದರೆ ಹೇಳಿದ ಬಣ್ಣದ್ದೇ ದಾರ. ಎಂಟು ಸ್ಪೀಕರು ಕಿವಿ ಹರಿಯುತ್ತಿರುವಾಗಲೇ ಅವನಿಗೆ ಎಲ್ಲ ನೆನಪಿರುತ್ತದಂತೆ. ಲಿಬಾರ್ದೊ ನಂಬಲಿಲ್ಲ. ಕಂಬದ ಮರೆಯಿಂದ ಎರಡು ಶನಿವಾರ ಹೊಂಚಿ ನೋಡಿದ. ಚೀಟಿ ಇಲ್ಲ, ಪುಸ್ತಕ ಇಲ್ಲ. ದುವಾನ್ ಶಿಳ್ಳೆ ಹಾಕುತ್ತಾ ಅಂಗಡಿಯಿಂದ ಅಂಗಡಿಗೆ ನೆಟ್ಟಗೆ ಹೋಗಿ ಬರುತ್ತಿದ್ದ.

ಇದು ಲಿಬಾರ್ದೊಗೆ ತಡೆಯಲಾಗಲಿಲ್ಲ. ಪ್ರಯಾಣಿಕರು ಹೋದರು, ಹೆಂಡತಿಯ ನಗು ಹೋಯಿತು, ಈಗ ತನ್ನದೆಂದು ಉಳಿದಿದ್ದ ನೆನಪೂ ಆ ಹುಂಜದ ಪಾಲಾಯಿತೇ? ಹಾಗಾದರೆ ತಾನು ಹಾಡಿಲ್ಲದೆ ಕಳೆದದ್ದೆಲ್ಲ ದಂಡವೇ? ಹಾಡಿನಿಂದ ನೆನಪಿಗೇನೂ ಆಗುವುದಿಲ್ಲ ಎಂದಾದರೆ, ತಾನೂ ಹಾಕಿಸುತ್ತೇನೆ. ನೋಡೇಬಿಡೋಣ.

ಪೇಟೆಯ ಎಲೆಕ್ಟ್ರಿಷಿಯನ್ ಓರ್ಬೇಯ್ ಹಲಗೆ ಕಿತ್ತು, ಮಾತೆಯನ್ನು ಕನ್ನಡಿಯ ಮೇಲಕ್ಕೆ ಏರಿಸಿ, ಆರು ಸ್ಪೀಕರು ಜೋಡಿಸಿದ. ಸುದ್ದಿ ಕೇಳಿ ಓಡಿಬಂದವನು ದುವಾನ್. ಜೇಬಿನಿಂದ ಪೆನ್‌ಡ್ರೈವು ತೆಗೆದು ಕೈಗಿಟ್ಟ.

"ತಗೊಳ್ಳಿ ದೋನ್. ನನ್ನವೇ ಹಾಡು, ನಾನೂರಿವೆ. ಇನ್ನು ನಿಮ್ಮ ಹೆಣಗಳು ಡ್ಯಾನ್ಸ್ ಮಾಡ್ಕೊಂಡು ಹೋಗ್ಲಿ."

ಬೈದು ಎಸೆಯೋಣವೆಂದರೆ ಲಿಬಾರ್ದೊ ಬಳಿ ಬೇರೆ ಹಾಡಿರಲಿಲ್ಲ. ಹಲ್ಲು ಕಚ್ಚಿಕೊಂಡು ತೆಗೆದುಕೊಂಡ. ಎದುರಾಳಿ ಕೊಟ್ಟ ಹಾಡಿನಲ್ಲೇ ಎದುರಾಳಿಯನ್ನು ಸೋಲಿಸಬೇಕಾದ ಗ್ರಹಚಾರ.

ಮುಂದಿನ ಶನಿವಾರ ಚೀಸು ನೀರು ಬಿಡಲಿಲ್ಲ. ರೊಸ್ಮೀರಾ ಓಲೆ ಹಾಕಿಕೊಂಡು ಐದೂಕಾಲಿಗೇ ಬಂದು ಮುಂದಿನ ಬೆಂಚಿನಲ್ಲಿ ಕೂತಳು. ಲಿಬಾರ್ದೊ ಬಸ್ಸಲ್ಲಿ ಹಾಡಂತೆ ಅಂತ ನೋಡಲು ಬಂದವರಿಂದಲೇ ಬೆಂಚು ತುಂಬಿ, ಮೇಲೂ ತುಂಬಿತು. ಮೂರು ವರ್ಷದಿಂದ ಕಾಣದ ಮುಖಗಳು ಕನ್ನಡಿಯಲ್ಲಿ ಕಂಡವು. ಅವನು ಗುಂಡಿ ಒತ್ತಿದ. ಅಕಾರ್ಡಿಯನ್ನು ಎದ್ದಿತು, ಹಿಂದಿನಿಂದ ಕೇಕೆ ಎದ್ದಿತು, ಪಕ್ಕದಲ್ಲಿ ತಾಳ ಬಿತ್ತು. ಲಿಬಾರ್ದೊ ಸಂತೋಷದಿಂದ ಹಾರ್ನು ಬಾರಿಸಿದ.

ಗೇಟುಗಳಲ್ಲಿ ಒಬ್ಬೊಬ್ಬರೇ ಹೇಳಿದರು. ದೋನ್ ಆರ್ಸೇಸಿಯೊಗೆ ಮೊಳೆ. ಉಬಾಲ್ದಿನಾಳ ಕಣ್ಣಿಗೆ ಹಾಕುವ ಔಷಧಿ. ಮಾರ್ಲೇನಿ ತನ್ನ ಒಂಬತ್ತು ವರ್ಷದ ಮಗಳ ಕೈ ಹಿಡಿದುಕೊಂಡೇ ಕಿಟಕಿಗೆ ಬಂದಳು.

"ದೋನ್ ಲಿಬಾರ್ದೊ, ನಾಳೆ ಇವಳಿಗೆ ಚರ್ಚಲ್ಲಿ ಮೊದಲ ಪ್ರಸಾದ. ಮೋಚಿ ಹತ್ರ ಬಿಳಿ ಶೂ ಕೊಟ್ಟಿದ್ದೀನಿ, ತಂದ್ಬಿಡಿ. ದುವಾನ್‌ಗೆ ಹೇಳೋದಾ ಅಂತಿದ್ದೆ, ಆದ್ರೂ ಇಂಥದ್ದಕ್ಕೆ ನೀವೇ ಸರಿ ಅನ್ನಿಸ್ತು."

ಆ ಮಾತು ಅವನ ಎದೆ ತಣ್ಣಗೆ ಮಾಡಿತು. ಒಟ್ಟು ಹದಿನಾಲ್ಕು ಕೆಲಸ. ಮೂರು ವರ್ಷದಲ್ಲಿ ಒಂದೇ ದಿನಕ್ಕೆ ಅಷ್ಟು ಬಂದಿರಲಿಲ್ಲ.

ಮೊದಲ ಆರು ತಿರುವು ಸಲೀಸಾಗಿ ಹೋಯಿತು. ಏಳನೆಯದರಲ್ಲಿ ಕಾಲು ತನ್ನ ಪಾಡಿಗೆ ಡೋಲಿನ ಏಟಿಗೆ ತಕ್ಕಂತೆ ಆಕ್ಸಿಲರೇಟರು ಒತ್ತುತ್ತಿರುವುದು ಅವನ ಗಮನಕ್ಕೆ ಬಂತು. ಎರಡನೇ ಗೇರಿನಲ್ಲಿ ಇಳಿಯುವ ಜಾಗದಲ್ಲಿ ಮೂರನೆಯದರಲ್ಲಿದ್ದ. ಅತ್ತಿಮರ ಯಾವಾಗ ಹಿಂದೆ ಹೋಯಿತೋ. ಆಮೇಲೆ ಬಂದದ್ದು ವಿರಹದ ಹಾಡು. ಬಿಟ್ಟುಹೋದ ಹೆಂಗಸಿಗಾಗಿ ಒಬ್ಬ ಗಂಟಲು ಹರಿದು ಅಳುತ್ತಿದ್ದ. ಲಿಬಾರ್ದೊಗೆ ಹುಂಜದಲ್ಲಿ ಕೂತು ದುವಾನನ ಕಿವಿಗೆ ಬಾಗಿದ ರೊಸ್ಮೀರಾ ನೆನಪಾದಳು. ಹಾಡು ಮುಗಿದಾಗ ನೋಡಿದರೆ ಹದಿನೈದನೇ ತಿರುವು. ಹನ್ನೆರಡು, ಹದಿಮೂರು, ಹದಿನಾಲ್ಕು ಎಲ್ಲಿ ಹೋದವು? ಸ್ಟೇರಿಂಗು ತಿರುಗಿಸಿದ್ದು ಈ ಕೈಗಳೇ, ಬ್ರೇಕು ಒತ್ತಿದ್ದು ಈ ಕಾಲೇ. ಒಂದೂ ನೆನಪಿಲ್ಲ.

ಬೆವರು ಒರೆಸಿಕೊಂಡು ಅವನು ಹಾಡು ಸಣ್ಣ ಮಾಡಿದ.

"ಜೋರಾಗಿ ಇಡೋ ಲಿಬಾರ್ದೊ," ಹಿಂದಿನಿಂದ ಕೂಗಿದರು. "ಕೊನೆಗೂ ಬದುಕ್ಕೊಂಡೆ, ಮತ್ತೆ ಸಾಯ್ಬೇಡ."

ಜೋರು ಮಾಡಿದ. ಇಪ್ಪತ್ತೆರಡನೇ ತಿರುವು ಬಂಡೆಯ ಮೂಗು ಸುತ್ತಿ ಹೋಗುತ್ತದೆ. ಎಡಕ್ಕೆ ಬಂಡೆ, ಬಲಕ್ಕೆ ಕಣಿವೆ. ಅಲ್ಲಿ ಎದುರಿಂದ ಬರುವವನು ಹಾರ್ನು ಹಾಕುತ್ತಾನೆ, ಕೇಳಿದವನು ನಿಲ್ಲುತ್ತಾನೆ. ಹಾಲಿನ ಲಾರಿಯವನು ಎರಡು ಸಲ ಹಾಕಿದನಂತೆ. ಲಿಬಾರ್ದೊ ಕಿವಿಯಲ್ಲಿ ಡೋಲು. ಬಂಡೆ ಸುತ್ತಿದರೆ ಎದುರಿಗೆ ಲಾರಿಯ ಮೂತಿ. ಬ್ರೇಕು ಹಿಡಿದ ರಭಸಕ್ಕೆ ಮೇಲಿನ ಬಾಳೆಗೊನೆ ಮುಂಗಾಜಿಗೆ ಜಾರಿ ಬಂತು. ಎರಡು ಗಾಡಿಗಳ ನಡುವೆ ಒಂದು ಮೊಳ ಉಳಿಯಿತು. ಲಾರಿಯವನು ತಲೆ ಹೊರಗೆ ಹಾಕಿ ನೋಡಿದ.

"ದೋನ್ ಲಿಬಾರ್ದೊ? ನೀವಾ?"

ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ. ನಂಬಲಾಗದೆ ನೋಡುತ್ತಾ ಹಿಂದಕ್ಕೆ ಸರಿಸಿಕೊಂಡ. ರೊಸ್ಮೀರಾ ಚೀಸಿನ ಬುಟ್ಟಿ ಹಿಡಿದುಕೊಂಡು ಮುಂದೆ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಅಂದಳು, "ದುವಾನ್ ಇಲ್ಲಿ ಹಾಡು ನಿಲ್ಲಿಸ್ತಾನೆ. ಇಲ್ಲಿ, ಒಂಬತ್ತರಲ್ಲಿ, ಮೂವತ್ತೊಂದರಲ್ಲಿ. ಆವಾಗ ನಾವೇ ಬಾಯಲ್ಲಿ ಮೆಲ್ಲಗೆ ಹಾಡ್ಕೋತೀವಿ, ಅದಕ್ಕೇ ಯಾರಿಗೂ ಗೊತ್ತಾಗಲ್ಲ."

"ನನಗ್ಯಾಕೆ ಹೇಳ್ಲಿಲ್ಲ?"

"ತಿರುವಲ್ಲಿ ಮಾತಾಡ್ಬಾರ್ದಲ್ಲ."

ಪೇಟೆಯಲ್ಲಿ ಅವನು ಕಾಫಿ ಹಿಡಿದು ಕಣ್ಣು ಮುಚ್ಚಿದ. ದಾರಿ ಇಳಿಯತೊಡಗಿತು. ಮೊದಲನೇ ತಿರುವು, ಬ್ಯಾಟರಿ. ಮೂರು, ಕೋಳಿಮೇವು. ಆರರವರೆಗೆ ಐದು ಕೆಲಸ ಸಿಕ್ಕಿದವು. ಏಳರ ಅತ್ತಿಮರದ ಬುಡದಲ್ಲಿ ಡೋಲು ಕೂತಿತ್ತು. ಒಂಬತ್ತರ ಸೇತುವೆಯ ಮೇಲೆ ಅಕಾರ್ಡಿಯನ್ನು. ಹನ್ನೆರಡರಿಂದ ಆಚೆಗೆ ರೊಸ್ಮೀರಾಳ ನಗುವೇ. ಇಪ್ಪತ್ತೆರಡರಲ್ಲಿ ಹಾಲಿನ ಲಾರಿ. ಮತ್ತೆ ಮೇಲಿಂದ ಬಂದ, ಮತ್ತೆ. ಹದಿನಾಲ್ಕರಲ್ಲಿ ಒಂಬತ್ತು ಹೋಗಿದ್ದವು. ಏನು ಮರೆತೆ ಎಂಬುದೇ ಮರೆತಿತ್ತು. ಯಾರೋ ಕೈ ಹಿಡಿದುಕೊಂಡು ಕಿಟಕಿಗೆ ಬಂದಿದ್ದರು, ಏನೋ ಬಿಳಿಯದು ಕೇಳಿದ್ದರು. ಹಿಟ್ಟೇ? ಸುಣ್ಣವೇ?

ಚೌಕದ ಆಚೆ ಬದಿಯಲ್ಲಿ ದುವಾನ್ ಯಾರೊಂದಿಗೋ ಹರಟುತ್ತಾ ನಿಂತಿದ್ದ. ಎಂಟು ಸ್ಪೀಕರಿನಲ್ಲೂ ನೆನಪಿರುವವನು. ಅವನನ್ನು ನೋಡುತ್ತಾ ಲಿಬಾರ್ದೊಗೆ ಅಳು ಬರುವಷ್ಟು ಹೊಟ್ಟೆಕಿಚ್ಚಾಯಿತು. ಇವನಿಗೆ ದೇವರು ತಲೆಯಲ್ಲಿ ಎರಡು ಕೋಣೆ ಕಟ್ಟಿಕೊಟ್ಟಿದ್ದಾನೆ, ನನಗೆ ಒಂದು. ಚೀಸು ಮಾರುತ್ತಾ ಕೂತಿದ್ದ ರೊಸ್ಮೀರಾ ಎರಡು ಮೂರು ಸಲ ಅವನ ಕಡೆ ನೋಡಿದಳು. ಅವಳನ್ನು ಕೇಳಬಹುದು ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಹಿಂದಿರುಗುವಾಗಲೂ ಜನ ಹಾಡು ಹಾಕಿಸಿದರು. ಮೊದಲು ಸಿಕ್ಕಿದ್ದು ದೋನ್ ಆರ್ಸೇಸಿಯೊನ ಗೇಟು. ಮುದುಕ ಕೈ ಚಾಚಿ ನಿಂತಿದ್ದ. ಲಿಬಾರ್ದೊ ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಆಡದಿದ್ದ ಮಾತಿಗೆ ಬಾಯಿ ತೆರೆದ. ಅಷ್ಟರಲ್ಲಿ ರೊಸ್ಮೀರಾ ಬಾಗಿ, ಖಾಲಿ ಚೀಸಿನ ಬುಟ್ಟಿಯ ಎಲೆ ಸರಿಸಿ, ಪೊಟ್ಟಣವೊಂದನ್ನು ಅವನ ಮುಂದಿನಿಂದ ಹಾಯಿಸಿ ಕೊಟ್ಟಳು.

"ಎರಡಿಂಚು, ದೋನ್ ಆರ್ಸೇಸಿಯೊ. ಒಂದು ಕಿಲೋ."

ಮುಂದಿನ ಗೇಟಿಗೆ ನೀಲಿ ದಾರ. ಅದರ ಮುಂದಿನದಕ್ಕೆ ಕುದುರೆಯ ಲಾಳ. ಒಂದೊಂದಾಗಿ ಎಲ್ಲವೂ ಬುಟ್ಟಿಯಿಂದ ಎದ್ದು ಬಂದವು. ಹಿಂದಿನ ಬೆಂಚಿನವರು ಹಾಡುವುದನ್ನು ನಿಲ್ಲಿಸಿ ಕತ್ತು ಉದ್ದ ಮಾಡಿ ನೋಡತೊಡಗಿದರು. ಲಿಬಾರ್ದೊ ಗುಂಡಿ ಒತ್ತಿ ಹಾಡು ನಿಲ್ಲಿಸಿದ. ಯಾರೂ ಜೋರು ಮಾಡು ಅನ್ನಲಿಲ್ಲ.

ಮಾರ್ಲೇನಿಯ ಗೇಟಿನಲ್ಲಿ ಆ ಹುಡುಗಿ ಕಾಲು ತೊಳೆದುಕೊಂಡು, ಕಲ್ಲಿನ ಮೇಲೆ ನಿಂತಿದ್ದಳು, ಧೂಳು ಮೆತ್ತದ ಹಾಗೆ. ಆ ಒದ್ದೆ ಪಾದ ಕಂಡ ಕೂಡಲೇ ಲಿಬಾರ್ದೊಗೆ ಬಿಳಿಯದು ಏನೆಂದು ನೆನಪಾಯಿತು. ರೊಸ್ಮೀರಾ ಕಾಗದದಲ್ಲಿ ಸುತ್ತಿದ ಶೂ ತೆಗೆದು ಕೊಟ್ಟಳು. ಹುಡುಗಿ ಅವನ್ನು ಎದೆಗೊತ್ತಿಕೊಂಡು ಓಡಿದಳು. ಮಾರ್ಲೇನಿ ಅವನನ್ನು ನೋಡಿದಳು, ರೊಸ್ಮೀರಾಳನ್ನು ನೋಡಿದಳು, "ದೇವರು ನಿನ್ನ ಚೆನ್ನಾಗಿಡ್ಲಿ ರೊಸ್ಮೀರಾ" ಅಂದಳು. ಲಿಬಾರ್ದೊಗೆ ಏನೂ ಅನ್ನಲಿಲ್ಲ.

ಎಲ್ಲರೂ ಇಳಿದ ಮೇಲೆ, ಬಸ್ಸು ಅಂಗಳದಲ್ಲಿ ನಿಲ್ಲಿಸಿ, ಅವನು ಕೀಲಿ ತೆಗೆಯದೆ ಕೂತ.

"ನಿನಗೆ ಹೇಗೆ ಗೊತ್ತು ಇದೆಲ್ಲ?"

"ನನ್ನ ಪಕ್ಕದಲ್ಲೇ ಹೇಳಿದ್ರಲ್ಲ. ಕಿವಿ ಇದೆ."

"ಇವತ್ತೊಂದಿನವಾ?"

"ಮೂವತ್ತು ವರ್ಷದ್ದೂ. ಮಾತಾಡ್ಬೇಡ ಅಂದೆ, ಮಾತಾಡ್ಲಿಲ್ಲ. ಕೇಳಿಸ್ಕೋಬೇಡ ಅಂತ ನೀನು ಯಾವತ್ತೂ ಅಂದಿರ್ಲಿಲ್ಲ."

ಲಿಬಾರ್ದೊ ಸ್ಟೇರಿಂಗು ನೋಡಿದ. ಬೆರಳು ಮಡಿಸುತ್ತಾ ತಲೆಯಾಡಿಸುತ್ತಿದ್ದ ದುವಾನ್ ಕಣ್ಣ ಮುಂದೆ ಬಂದ. ಈಗ ಅದರ ಅರ್ಥ ಆಯಿತು. ಆದದ್ದು ಉರಿಯ ಮೇಲೆ ಉರಿ.

"ಅವನಿಗೂ ನೀನೇನಾ ಹೇಳಿಕೊಟ್ಟಿದ್ದು?"

"ಹೂಂ. ಪಾಪ, ಅವನಿಗೆ ಸ್ವಂತ ಹೆಸರೂ ನೆನಪಿರಲ್ಲ. ಆದ್ರೆ ಅವನು ಕೇಳ್ತಾನೆ. ದೋನ್ಯಾ ರೊಸ್ಮೀರಾ, ಇವತ್ತು ಏನೇನು ಅಂತ ಕೇಳ್ತಾನೆ."

"ನಾನು ಚೌಕದಲ್ಲಿ ಒದ್ದಾಡ್ತಾ ಇದ್ದಾಗ ಬಂದು ಹೇಳ್ಬಹುದಿತ್ತು."

"ಕೇಳ್ತೀಯ ಅಂತ ಕಾದೆ," ಅಂದಳು ರೊಸ್ಮೀರಾ. "ಮಧ್ಯಾಹ್ನದವರೆಗೂ ಕಾದೆ. ಆಮೇಲೆ ಮೋಚಿ ಅಂಗಡಿ ಮುಚ್ಚೋ ಹೊತ್ತಾಯ್ತು, ಎದ್ದು ಹೋದೆ." ಅವಳು ಬುಟ್ಟಿ ಎತ್ತಿಕೊಂಡು ಇಳಿದಳು.

ಅವಳಿಗೆ ತಿರುವು ಖಾಲಿ ಬೇಕಿರಲಿಲ್ಲ. ತಾಳ ಹಾಕುತ್ತಾ, ನಗುತ್ತಾ, ಡೋಲಿನ ನಡುವೆಯೇ ಹದಿನಾಲ್ಕನ್ನೂ ಇಟ್ಟುಕೊಂಡಿದ್ದಳು. ತಲೆಯಲ್ಲಿ ಎರಡು ಕೋಣೆ ಇದ್ದದ್ದು ದುವಾನನಿಗಲ್ಲ. ಲಿಬಾರ್ದೊ ಮೂರು ವರ್ಷ ತಪ್ಪು ಮನುಷ್ಯನನ್ನು ಕಂಡು ಕರುಬಿದ್ದ. ಮೂವತ್ತು ವರ್ಷ ಬಾಯಿ ಮುಚ್ಚಿಸಿದ್ದಕ್ಕೆ ನಾಚಿಕೆ ಆಗಬೇಕಿತ್ತು. ಆಯಿತು ಕೂಡ. ಆದರೆ ಸುಳ್ಳೇಕೆ ಹೇಳಲಿ, ನಾಚಿಕೆಗಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚೇ.

ಆ ವಾರವೆಲ್ಲ ಅವನು ಒಂದೇ ಯೋಚಿಸಿದ, ಶನಿವಾರ ಅವಳು ಯಾವ ಬಸ್ಸು ಹತ್ತುತ್ತಾಳೆ? ಶುಕ್ರವಾರ ಸಂಜೆ ಅವಳು ಚೀಸು ಹಿಂಡುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತ.

"ನಾಳೆ ನನ್ನ ಜೊತೆ ಬಾ. ಒಂಬತ್ತು, ಇಪ್ಪತ್ತೆರಡು, ಮೂವತ್ತೊಂದರಲ್ಲಿ ಹಾಡು ನಿಲ್ಲಿಸ್ತೀನಿ."

"ಮಿಕ್ಕ ಕಡೆ ನಾನು ಮಾತಾಡ್ತೀನಿ," ಅಂದಳು ಅವಳು ತಲೆ ಎತ್ತದೆ. "ಹಾಡಿರ್ಲಿ ಬಿಡ್ಲಿ. ಆಗುತ್ತಾ?"

"ಆಗುತ್ತೆ."

ಶನಿವಾರ ಬಸ್ಸು ಹೊರಟಿತು. ಮುಕ್ಕಾಲು ತುಂಬಿತ್ತು. ರೊಸ್ಮೀರಾ ಓಲೆ ಹಾಕಿಕೊಂಡಿದ್ದಳು. ಮೊದಲ ಗೇಟು ದೋನ್ಯಾ ಉಬಾಲ್ದಿನಾಳದು, ಎಡಕ್ಕೆ, ಲಿಬಾರ್ದೊನ ಕಿಟಕಿಯ ಕಡೆಗೇ. ಮುದುಕಿ ಕೋಲೂರಿಕೊಂಡು ಬಂದಳು. ಅವನು ಅಭ್ಯಾಸದಂತೆ ಹಾಡು ಸಣ್ಣ ಮಾಡಿ, ತಲೆ ಬಾಗಿಸಿ ಕಿವಿ ಕೊಟ್ಟ. ಉಬಾಲ್ದಿನಾ ಅವನ ತಲೆಯನ್ನು ಕೈಯಿಂದ ಹಿಂದಕ್ಕೆ ಸರಿಸಿ, ಒಳಗೆ ಇಣುಕಿದಳು.

"ರೊಸ್ಮೀರಾ, ಮಗಳೇ, ಮಂಡಿಗೆ ಹಚ್ಚೋ ಎಣ್ಣೆ. ಹಸಿರು ಡಬ್ಬಿ."

"ಆಯ್ತು ದೋನ್ಯಾ."

"ನನಗೂ ಕೇಳಿಸ್ತು," ಅಂದ ಲಿಬಾರ್ದೊ.

"ಕೇಳಿಸ್ಲಿ ಬಿಡಪ್ಪಾ," ಮುದುಕಿ ಅವನ ಕೆನ್ನೆ ಹಿಂಡಿದಳು. "ನೀನು ದಾರಿ ನೋಡ್ಕೊಂಡು ಓಡ್ಸು."

ಎರಡನೇ ಗೇಟಿನವನು ಬಸ್ಸಿನ ಮುಂದಿನಿಂದ ಸುತ್ತಿಕೊಂಡು ಬಂದು ಬಲಗಡೆ, ರೊಸ್ಮೀರಾಳ ಹತ್ತಿರ ನಿಂತ. ಮೂರನೆಯವಳೂ ಹಾಗೇ. ಲಿಬಾರ್ದೊ ಗೇರು ಹಾಕಿದ. ಆದರೂ ಹಸಿರು ಡಬ್ಬಿಯನ್ನು ಹಳೇ ಚಾಳಿಗೆ ಏಳನೇ ತಿರುವಿಗೆ ತೆಗೆದುಕೊಂಡು ಹೋಗಿ ಅತ್ತಿಮರದ ಬುಡದಲ್ಲಿ ಇಡಹೊರಟ. ಪಕ್ಕದಲ್ಲಿ ರೊಸ್ಮೀರಾ ಮಗಳ ಮನೆಯ ನಾಯಿಯಿಂದ ಶುರುಮಾಡಿ ಪಾದ್ರಿಯ ಅಡುಗೆಯವಳವರೆಗೆ ಬಂದಿದ್ದಳು. ಡಬ್ಬಿ ಕೈ ಜಾರಿತು. ಅವನು "ಸುಮ್ನಿರೇ" ಅನ್ನಲು ಬಾಯಿ ತೆರೆದ. ಕನ್ನಡಿಯಲ್ಲಿ ಒಂದು ಸಾಲು ಮುಖ ಅವನನ್ನೇ ನೋಡುತ್ತಿತ್ತು. ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡು, ಮುಂದಿನ ಮೂವತ್ತಾರು ತಿರುವು ಬಸ್ಸು ಓಡಿಸಿದ.